ಕಂಟ್ರಿ ಸಂಗೀತಕ್ಕೆ ಹೊರಟ ಅಂಗಿ

ನಮ್ಮ ಮಲಗುವ ಕೋಣೆಯ ಬಟ್ಟೆ ಕಪಾಟಿನ ಜಾರುಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಎಷ್ಟು ತಳ್ಳಿದರೂ ನಾಲ್ಕು ಬೆರಳಿನಷ್ಟು ಸಂದಿ ಉಳಿದೇ ಉಳಿಯುತ್ತದೆ. ಆ ಸಂದಿಯಿಂದ ಯಾವುದಾದರೊಂದು ಸೀರೆಯ ಸೆರಗೋ, ಚೂಡಿದಾರದ ದುಪಟ್ಟಾವೋ, ಚಳಿಗಾಲದ ಕೋಟಿನ ತೋಳೋ ಹೊರಗೆ ಇಣುಕಿ, ಒಳಗೆ ಉಸಿರು ಕಟ್ಟುತ್ತಿದೆಯೆಂದು ದೂರು ಹೇಳುತ್ತಿರುತ್ತದೆ. ಹೀಗೆ ತುಂಬಿ ತುಳುಕುವ ಕಪಾಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ಹಾಕ್ಕೊಳ್ಳೋದಕ್ಕೆ ಒಂದೂ ಇಲ್ಲ’ ಎಂದು ಹೇಳುವ ಧೈರ್ಯ ನಮ್ಮಂಥ ಹೆಂಗಸರಿಗಲ್ಲದೆ ಬೇರೆ ಯಾರಿಗಿದೆ ಹೇಳಿ. ಅಮೆರಿಕದ ಡೆಟ್ರಾಯಿಟ್ ಬಳಿಯ ಫಾರ್ಮಿಂಗ್ಟನ್ ಹಿಲ್ಸಿನ ಈ ಮನೆಯಲ್ಲಿ ಹಬ್ಬಹಬ್ಬಕ್ಕೂ ಈ ಮಾತನ್ನು ನಾನು ಹೇಳುತ್ತ ಬಂದಿದ್ದೇನೆ, ನಮ್ಮ ಯಜಮಾನರು ಫೋನಿನಿಂದ ತಲೆಯೆತ್ತದೆ ‘ಹೌದು ಪಾಪ’ ಎನ್ನುತ್ತ ಬಂದಿದ್ದಾರೆ. ಆದರೆ ಹೋದ ಜೂನ್ ತಿಂಗಳಲ್ಲಿ ಹೇಳಿದಾಗ ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಕಂಟ್ರಿ ಸಂಗೀತದ ಕಛೇರಿಗೆ ಹಾಕಿಕೊಂಡು ಹೋಗುವಂಥದ್ದು ನನ್ನ ಬಳಿ ನಿಜವಾಗಿಯೂ ಏನೂ ಇರಲಿಲ್ಲ.

ಈ ಸಂಗೀತದ ಪರಿಚಯ ನಿಮಗಿಲ್ಲದಿದ್ದರೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗಿಟಾರು, ಪಿಟೀಲು, ಅರ್ಧ ಮೂಗಿನಿಂದಲೂ ಅರ್ಧ ಎದೆಯಿಂದಲೂ ಹೊರಡುವ ಕಂಠ. ಸಾಹಿತ್ಯದಲ್ಲಿ ಊರು, ಟ್ರಕ್ಕು, ತಾಯಿ, ನಾಯಿ, ಕೈಕೊಟ್ಟ ಪ್ರೇಯಸಿ, ಇಷ್ಟನ್ನೂ ಮರೆಸುವ ಒಂದು ಬಾಟಲಿ. ಮೊದಮೊದಲು ಕಾರಿನ ರೇಡಿಯೋದಲ್ಲಿ ಬಂದರೆ ಸ್ಟೇಷನ್ ಬದಲಾಯಿಸುತ್ತಿದ್ದೆ. ಆಮೇಲಾಮೇಲೆ, ಅರೆ, ಇದು ನಮ್ಮ ತುಮಕೂರಿನ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಮೀಸೆ ಹೊತ್ತ ಗಂಡಸರು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ ವಿರಹಗೀತೆಗಳ ದಾಯಾದಿಯೇ ಅಲ್ಲವೇ ಅನ್ನಿಸಿ, ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ದಾಟುವವರೆಗಾದರೂ ಕೇಳಿಸಿಕೊಳ್ಳುವುದು ರೂಢಿಯಾಯಿತು. ನನ್ನ ಮತ್ತು ಕಂಟ್ರಿ ಸಂಗೀತದ ನಂಟು ಅಲ್ಲಿಗೇ ನಿಂತಿತ್ತು, ಅದನ್ನು ಮುಂದುವರಿಸುವ ಇರಾದೆ ಇಬ್ಬರಿಗೂ ಇರಲಿಲ್ಲ.

ಮುಂದುವರಿಸಿದವರು ಪಕ್ಕದ ಮನೆಯ ಕ್ಯಾರಲ್. ಎಪ್ಪತ್ತು ದಾಟಿದ ಹೆಂಗಸು, ಶಾಲೆಯ ಹಳದಿ ಬಸ್ಸನ್ನು ವರ್ಷಗಟ್ಟಲೆ ಓಡಿಸಿ ನಿವೃತ್ತರಾದವರು. ಹಾಗಾಗಿ ಸಬ್‌ಡಿವಿಷನ್ ಎಂದು ಕರೆಯುವ ನಮ್ಮ ಈ ಬಡಾವಣೆಯ ಅರ್ಧಕ್ಕರ್ಧ ಮಕ್ಕಳು ಈಗಲೂ ಆಕೆಯನ್ನು ಕಂಡರೆ ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಾರೆ. ನಮ್ಮ ಮಗಳು ಅನಘಾ ಪುಟ್ಟವಳಿದ್ದಾಗ ನಾವು ಹೇಳಿಕೊಟ್ಟಂತೆ ‘ಕ್ಯಾರಲ್ ಆಂಟಿ’ ಎಂದು ಕರೆದಳು, ಆಕೆಗೆ ಅದು ಎಷ್ಟು ಹಿಡಿಸಿತೆಂದರೆ ಫೋನ್ ಮಾಡಿದರೂ ‘ನಾನು, ಕ್ಯಾರಲ್ ಆಂಟಿ’ ಎಂದೇ ಶುರುಮಾಡುತ್ತಾರೆ. ಆಕೆಯ ಗಂಡ ಡೇಲ್ ಕಾರು ಕಾರ್ಖಾನೆಯಲ್ಲಿ ದುಡಿದು ದಣಿದವರು, ಆರಡಿಗೂ ಮೀರಿದ ಆಳು. ಹಿಮ ಬಿದ್ದ ಬೆಳಗ್ಗೆ ನಾವು ಎದ್ದು ಕಿಟಕಿಯಿಂದ ನೋಡುವ ಹೊತ್ತಿಗೆ ಹಿಮ ತಳ್ಳುವ ಮೆಷಿನ್ನಿನಿಂದ ತಮ್ಮ ಮನೆ ಮುಂದಿನ ಡ್ರೈವ್‌ವೇ ಜೊತೆಗೆ ನಮ್ಮದನ್ನೂ ಬಳಿದು, ಥ್ಯಾಂಕ್ಸ್ ಹೇಳಲು ಹೋದರೆ ‘ಮೆಷಿನ್ನು ತಾನಾಗೇ ಆ ಕಡೆ ತಿರುಗ್ತು’ ಎನ್ನುತ್ತಿದ್ದರು. ಹೋದ ವರ್ಷಕ್ಕೆ ಮುಂಚಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಗಂಡಹೆಂಡಿರಿಬ್ಬರೂ ಪ್ರತಿ ಜೂನಿನಲ್ಲಿ ಉತ್ತರಕ್ಕೆ ಮುಕ್ಕಾಲು ಗಂಟೆ ಡ್ರೈವ್ ಮಾಡಿ, ಬಯಲು ರಂಗಮಂದಿರವೊಂದರ ಹುಲ್ಲುಹಾಸಿನ ಮೇಲೆ ಚಾದರ ಹಾಸಿಕೊಂಡು ಕಂಟ್ರಿ ಸಂಗೀತ ಕೇಳಿ ಬರುವುದು ತಪ್ಪದ ಪದ್ಧತಿಯಾಗಿತ್ತು. ಡೇಲ್ ಹೋದ ಮೇಲಿನ ಮೊದಲ ಜೂನಿನಲ್ಲಿ ಕ್ಯಾರಲ್ ಹೋಗಲಿಲ್ಲ, ಆ ವಾರವೆಲ್ಲ ಮನೆಯ ಪರದೆಯನ್ನೂ ತೆಗೆಯಲಿಲ್ಲ.

ಈ ಸಲ ಒಹಾಯೋದಲ್ಲಿರುವ ಅವರ ಮಗಳು ಹುಟ್ಟುಹಬ್ಬದ ಉಡುಗೊರೆಯೆಂದು ಎರಡು ಟಿಕೆಟ್ ಕಳಿಸಿಬಿಟ್ಟಳು. ಕ್ಯಾರಲ್ ನಮ್ಮ ಅಡುಗೆಮನೆಗೆ ಬಂದು, ನಾನು ಕೊಟ್ಟ ಕಾಫಿಯನ್ನು ಕೈಗೆ ತೆಗೆದುಕೊಂಡು, ಆ ಟಿಕೆಟ್ಟುಗಳನ್ನು ನನ್ನ ಮುಂದಿಟ್ಟರು. ಆಕೆ ಆಡುವುದು ಇಂಗ್ಲಿಷೇ ಆದರೂ, ಇಷ್ಟು ವರ್ಷದ ಬಳಕೆಯಿಂದ ಅದು ನನ್ನ ಕಿವಿಗೆ ಬೀಳುವುದೇ ಕನ್ನಡವಾಗಿ, ಹಾಗೇ ಹೇಳುತ್ತೇನೆ.

‘ಚರ್ಚಿನವರು ಬರ್ತೀವಿ ಅಂತಾರೆ. ಅವರ ಜೊತೆ ಹೋದ್ರೆ ಎಲ್ಲರೂ ನನ್ನ ಮುಖಾನೇ ನೋಡ್ತಾ ಕೂತಿರ್ತಾರೆ, ಯಾವ ಹಾಡಿಗೆ ಅಳ್ತೀನಿ ಅಂತ. ನಿನಗೆ ಒಂದು ಹಾಡೂ ಗೊತ್ತಿಲ್ಲ. ನೀನಾದ್ರೆ ಸ್ಟೇಜ್ ನೋಡ್ತೀಯ. ನೀನು ಬಂದ್ರೆ ಹೋಗ್ತೀನಿ, ಇಲ್ಲದಿದ್ರೆ ಇಲ್ಲ. ಈ ವರ್ಷಾನೂ ಹೋಗ್ದಿದ್ರೆ ಮುಂದೆ ಯಾವತ್ತೂ ಹೋಗಲ್ಲ ಸುಧಾ, ನನಗೆ ನನ್ನ ಬುದ್ಧಿ ಗೊತ್ತು.’

ನನ್ನ ಅಜ್ಞಾನಕ್ಕೆ ಇಷ್ಟು ಬೆಲೆ ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಕೂಡಲೇ ಒಪ್ಪಿಕೊಂಡೆ, ಒಪ್ಪಿಕೊಂಡ ಮರುಕ್ಷಣ, ಯಾವ ದಿನ, ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳಿಗೂ ಮುಂಚೆ, ನಮ್ಮ ಕಡೆಯ ಯಾವ ಹೆಂಗಸಿನ ಬಾಯಲ್ಲಾದರೂ ಬರುವ ಪ್ರಶ್ನೆಯೇ ನನ್ನ ಬಾಯಲ್ಲೂ ಬಂತು. ‘ಏನು ಹಾಕ್ಕೊಂಡು ಬರ್ಲಿ?’

‘ನಿನಗೆ ಏನಿಷ್ಟವೋ ಅದು,’ ಎಂದರು ಕ್ಯಾರಲ್.

ಇಂಥ ಸ್ವಾತಂತ್ರ್ಯಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ನಮ್ಮ ಡೆಟ್ರಾಯಿಟ್ ಸೀಮೆಯ ಕನ್ನಡದ ಹೆಂಗಸರ ವಾಟ್ಸ್ಯಾಪ್ ಗುಂಪಿನಲ್ಲಿ ಯುಗಾದಿಗೆ ಮಾವಿನೆಲೆ ಹಸಿರು, ರಾಜ್ಯೋತ್ಸವಕ್ಕೆ ಅರಿಶಿನ ಕೆಂಪು, ಯಾರದೋ ಮಗುವಿನ ನಾಮಕರಣಕ್ಕೆ ನವಿಲು ಬಣ್ಣ ಎಂದು ತಿಂಗಳ ಮುಂಚೆಯೇ ಕಟ್ಟಪ್ಪಣೆಯಾಗುತ್ತದೆ. ಒಬ್ಬಳು ಬೇರೆ ಬಣ್ಣದಲ್ಲಿ ಬಂದರೆ ಗುಂಪು ಫೋಟೋದಲ್ಲಿ ಅವಳನ್ನು ಮೆಲ್ಲಗೆ ಅಂಚಿಗೆ ಸರಿಸಿರುತ್ತಾರೆ. ಇದನ್ನು ಆಡಿಕೊಂಡು ನಕ್ಕಿದ್ದೇನೆ, ಆದರೆ ಈ ಕಟ್ಟಳೆಯೊಳಗೊಂದು ನೆಮ್ಮದಿಯಿದೆಯೆಂದು ಅದಿಲ್ಲದಾಗಲೇ ನನಗೆ ತಿಳಿದದ್ದು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ನಮ್ಮಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಆಕೆಯ ಟ್ರಂಕಿನಲ್ಲಿ ಮನೆಯೊಳಗೆ ಉಡುವುದು, ನಾಲ್ಕು ಜನರೆದುರು ಉಡುವುದು, ಎತ್ತಿಟ್ಟದ್ದು ಎಂದು ಸೀರೆಗಳಲ್ಲಿ ಮೂರು ಜಾತಿ; ಎತ್ತಿಟ್ಟದ್ದನ್ನು ಉಟ್ಟು ಹೋದರೆ ಅದು ನಮ್ಮ ಮೆರವಣಿಗೆಗಲ್ಲ, ಕರೆದವರಿಗೆ ತೋರಿಸುವ ಮರ್ಯಾದೆ. ಮಾಸಲು ಸೀರೆಯಲ್ಲಿ ಮದುವೆಗೆ ಹೋದ ನೆಂಟಳನ್ನು ‘ನಮ್ಮ ಮನೆ ಕೆಲಸ ಅಂದ್ರೆ ಅಷ್ಟು ಸದರವಾ’ ಎಂದು ವರ್ಷಗಳ ಕಾಲ ನೆನೆಸಿಕೊಂಡು ಬೈಯುತ್ತಿದ್ದ ವಂಶ ನಮ್ಮದು.

ಆ ವಂಶದ ಕುಡಿಯಾದ ನಾನು, ಸಂಕ್ರಾಂತಿಯ ಹೊತ್ತಿಗೆ ಷಿಕಾಗೋ ಪಕ್ಕದ ಲೆಮಾಂಟ್ ದೇವಸ್ಥಾನಕ್ಕೆ ಹೋಗುವಾಗ, ಕಾಲಿಗೆ ಹಿಮದ ಬೂಟು, ಅದರ ಮೇಲೆ ಜರತಾರಿ ಸೀರೆಯ ನೆರಿಗೆ, ಮೇಲೆ ಮಂಡಿಯುದ್ದದ ಕೋಟು, ಹೀಗೆ ಕರಡಿಯ ಅವತಾರದಲ್ಲಿ ಪಾರ್ಕಿಂಗ್ ದಾಟಿದವಳು. ಚಳಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದರೂ ರೇಷ್ಮೆ ಬಿಟ್ಟವಳಲ್ಲ. ಅಂಥವಳಿಗೆ, ಹುಲ್ಲಿನ ಮೇಲೆ ಕೂತು ಕೇಳುವ ಕಛೇರಿಗೆ, ಅದೂ ತೀರಿಕೊಂಡ ಒಬ್ಬ ಸ್ನೇಹಿತನ ಜಾಗದಲ್ಲಿ ಕೂರಲು ಹೋಗುವಾಗ ಏನು ಉಡಬೇಕೆಂದು ಯಾರು ಹೇಳಿಕೊಡುತ್ತಾರೆ? ತಪ್ಪಾಗಿ ಹೋದರೆ ನಗುವವರು ನಕ್ಕಾರು, ಅದಕ್ಕೆ ನಾನು ಹೆದರಿರಲಿಲ್ಲ. ಎರಡು ಚಳಿಗಾಲ ಕಳೆದು ಒಂದು ಹೆಜ್ಜೆ ಹೊರಗಿಡಲು ಮನಸ್ಸು ಮಾಡಿದ ಹೆಂಗಸು ನನ್ನ ಪೆಚ್ಚು ವೇಷ ಕಂಡು ‘ಬೇಡ ಬಿಡು’ ಎಂದು ಹಿಂದೆ ಸರಿದುಬಿಟ್ಟರೆ ಎಂಬುದೇ ನನ್ನ ಹೆದರಿಕೆ.

ಹೆದರಿದವರು ಮಾಡುವ ಕೆಲಸವನ್ನೇ ಮಾಡಿದೆ, ಅಂಗಡಿಗೆ ಹೋದೆ. ತೋಳಿನುದ್ದಕ್ಕೂ ತೊಗಲಿನ ಜಾಲರಿ ಇಳಿಬಿದ್ದ ಕೆಂಪು ಚೌಕಳಿ ಅಂಗಿ, ಗುಲಾಬಿ ಮಿಣಮಿಣದ ಹ್ಯಾಟು, ಒಬ್ಬಟ್ಟಿನಷ್ಟು ಅಗಲದ ಬಕಲಿನ ಬೆಲ್ಟು, ಹೊಸ ಜೀನ್ಸು, ಚೂಪು ಮೂತಿಯ ಬೂಟು. ಮನೆಗೆ ತಂದು ಹಾಕಿ ನೋಡಬೇಕಲ್ಲ, ಅಲ್ಲಿ ಇನ್ನೊಂದು ಪೇಚು. ನಮ್ಮ ಮನೆಯಲ್ಲಿ ಚಪ್ಪಲಿ ಬೂಟು ಹೊಸ್ತಿಲು ದಾಟುವಂತಿಲ್ಲ. ಹೊಸದೇ ಆದರೂ ಬೂಟು ಬೂಟೇ. ಹಾಗಾಗಿ ಬಾಗಿಲಿನಿಂದ ಕನ್ನಡಿಯವರೆಗೂ ಅಂಗಡಿಯ ಜಾಹೀರಾತು ಕಾಗದಗಳನ್ನು ಹಾಸಿ, ಅದರ ಮೇಲೆ ಒಂದೊಂದೇ ಹೆಜ್ಜೆಯಿಡುತ್ತ, ಚರಚರ ಸದ್ದು ಮಾಡಿಕೊಂಡು ನಡೆದೆ. ಯಜಮಾನರು ಕೋಣೆಯ ಬಾಗಿಲಲ್ಲಿ ನಿಂತು ಆಪಾದಮಸ್ತಕ ನೋಡಿದರು.

‘ಯಾರನ್ನ ಅರೆಸ್ಟ್ ಮಾಡೋಕೆ ಹೊರಟಿದೀಯ?’

ಹದಿನಾರರ ಅನಘಾ ಇನ್ನೂ ನಿಷ್ಠುರಳು. ‘ಅಮ್ಮಾ, ದಟ್ಸ್ ನಾಟ್ ಆ್ಯನ್ ಔಟ್‌ಫಿಟ್. ದಟ್ಸ್ ಎ ಕಾಸ್ಟ್ಯೂಮ್,’ ಎಂದಳು. ಛದ್ಮವೇಷ ಸ್ಪರ್ಧೆಗೆ ಅವಳನ್ನು ಮುತ್ತಿನ ಸರ ಹಾಕಿ ರಾಣಿ ಮಾಡಿ ಕಳಿಸುತ್ತಿದ್ದ ಕೈಗಳಿವು; ಸೇಡು ತೀರಿಸಿಕೊಂಡಳೆಂದೇ ನನ್ನ ಅನುಮಾನ.

ಕೊನೆಗೆ ಕ್ಯಾರಲ್ ಅವರನ್ನೇ ಕರೆದೆ. ಆಕೆ ಬಂದು, ನೋಡಿ, ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು. ನಗು ತಡೆಯುವುದಕ್ಕೆ ಆಕೆ ಪಟ್ಟ ಪಾಡು ನೋಡಿ ನನಗೇ ಅಯ್ಯೋ ಅನ್ನಿಸಿತು. ‘ಜೀನ್ಸ್ ಇಟ್ಕೋ. ಬೆಲ್ಟೂ ಇರಲಿ. ಮಿಕ್ಕಿದ್ದು ವಾಪಸ್ ಕೊಡು,’ ಎಂದು ಹೇಳಿ ಮನೆಗೆ ಹೋದವರು ಹತ್ತು ನಿಮಿಷದಲ್ಲಿ ಹ್ಯಾಂಗರಿಗೆ ಹಾಕಿದ ಒಂದು ಅಂಗಿ ಹಿಡಿದು ಬಂದರು. ತಿಳಿ ನೀಲಿ, ಒಗೆದೂ ಒಗೆದೂ ಮೊಲದ ಕಿವಿಯಂತೆ ಮೆತ್ತಗಾಗಿತ್ತು. ಗುಂಡಿಗಳ ಬದಲು ಮುತ್ತಿನ ಹೊಳಪಿನ ಟಿಕ್ ಬಟನ್.

‘ಡೇಲ್‌ದು. ಪ್ರತಿ ಜೂನಲ್ಲೂ ಇದನ್ನೇ ಹಾಕ್ಕೊಂಡು ಬರ್ತಿದ್ದ, ಬೇರೆ ದಿನ ಮುಟ್ತಾ ಇರ್ಲಿಲ್ಲ. ನಾನು ಹಾಕ್ಕೊಳ್ಳೋಕೆ ನೋಡಿದೆ, ಆಗ್ಲಿಲ್ಲ. ಇದನ್ನ ಮನೇಲಿ ಬಿಟ್ಟು ಹೋಗೋಕೂ ಆಗಲ್ಲ. ನೀನು ಹಾಕ್ಕೋ. ಇದು ಬರಬೇಕು ಅಲ್ಲಿಗೆ.’

ಆ ರಾತ್ರಿ ಊಟಕ್ಕೆ ಕೂತಾಗಲೂ ಅಂಗಿ ನನ್ನ ಕಣ್ಣೆದುರಿಗೇ ತೂಗುತ್ತಿತ್ತು. ನಮ್ಮಲ್ಲಿ ಹೋದವರ ಬಟ್ಟೆಯ ವಿಚಾರ ಸಲೀಸಲ್ಲ. ಹಾಸಿಗೆ, ಪಂಚೆ, ಟವೆಲ್ಲು ಇಂಥವನ್ನು ದಾನ ಕೊಟ್ಟು, ಮನೆ ತೊಳೆದು, ಕಣ್ಣಿಗೆ ಬೀಳದಂತೆ ಮಾಡುವುದೇ ಪದ್ಧತಿ. ಆದರೆ ರೇಷ್ಮೆಗೆ ಮಾತ್ರ ಮೈಲಿಗೆಯಿಲ್ಲವೆಂದು ಹೇಳಿ ಅಜ್ಜಿಯ ಸೀರೆಯನ್ನು ಮೊಮ್ಮಗಳ ಮದುವೆಗೆ ಉಡಿಸುತ್ತೇವೆ. ನನಗನ್ನಿಸುವುದು, ಈ ವಿನಾಯಿತಿ ರೇಷ್ಮೆಯ ಶುದ್ಧಿಯಿಂದ ಬಂದದ್ದಲ್ಲ. ಯಾವುದೋ ಕಾಲದ ಯಾರೋ ಹೆಣ್ಣುಮಗಳು ಅಮ್ಮನ ಸೀರೆಯನ್ನು ಬಿಡಲಾರೆನೆಂದು ಹಟ ಹಿಡಿದಿರಬೇಕು, ಶಾಸ್ತ್ರ ಅವಳ ಕಣ್ಣೀರಿಗೆ ಒಂದು ದಾರಿ ಬಿಟ್ಟುಕೊಟ್ಟಿರಬೇಕು. ನಮ್ಮ ಅತ್ತೆ ಹೋಗಿ ಆರು ವರ್ಷ, ಅವರ ಸೀರೆಗಳನ್ನು ನಾನು ಉಡುತ್ತೇನೆ. ಉಟ್ಟ ದಿನ ಯಜಮಾನರು ನನ್ನ ಜೊತೆ ಜಗಳವಾಡುವುದಿಲ್ಲ. ಹಾಗಿದ್ದ ಮೇಲೆ ಡೇಲ್ ಅವರ ಹತ್ತಿ ಅಂಗಿ ಏನು ಪಾಪ ಮಾಡಿತ್ತು?

ಇಲ್ಲಿ ಅತ್ತೆಯ ಇನ್ನೊಂದು ಆಸ್ತಿಯ ಮಾತು ಹೇಳಬೇಕು. ದೇವರ ಮುಂದೆ ಅವರದೊಂದು ಬೆಳ್ಳಿಯ ಕುಂಕುಮದ ಭರಣಿಯಿದೆ. ಮನೆಗೆ ಯಾವ ಹೊಸ ಬಟ್ಟೆ ಬರಲಿ, ಅದರ ಮೂಲೆಗೆ ಒದ್ದೆ ಅರಿಶಿನದ ಒಂದು ಬೊಟ್ಟು, ಅದರ ಮೇಲೆ ಕುಂಕುಮದ ಒಂದು ಚುಕ್ಕೆ ಇಟ್ಟು, ದೇವರಿಗೆ ತೋರಿಸಿ, ‘ಹಾಕ್ಕೊಂಡು ಹಳೇದು ಮಾಡು’ ಎಂದು ಹರಸಿ ಕೈಗೆ ಕೊಡುತ್ತಿದ್ದರು. ಬಟ್ಟೆ ಹಳೆಯದಾಗಬೇಕಾದರೆ ಹಾಕಿಕೊಂಡವರು ಅಷ್ಟು ಕಾಲ ಬದುಕಿರಬೇಕಲ್ಲ, ಅದೇ ಆ ಹರಕೆಯ ಒಳಗುಟ್ಟು. ಅವರು ಹೋದ ಮೇಲೆ ಆ ಕೆಲಸವನ್ನು ಮಗ ವಹಿಸಿಕೊಂಡರು. ಸಂಧ್ಯಾವಂದನೆಗೆ ಚಕ್ಕರ್ ಹಾಕುವ ಮನುಷ್ಯ ಇದನ್ನೊಂದು ತಪ್ಪಿಸಿದವರಲ್ಲ. ಅನಘಾಳ ಈಜಿನ ಟವೆಲ್ಲಿಗೂ, ತಮ್ಮ ಫ್ಯಾಕ್ಟರಿಯ ಕಿತ್ತಳೆ ಬಣ್ಣದ ಸೇಫ್ಟಿ ಜಾಕೆಟ್ಟಿಗೂ ಬೊಟ್ಟು ಬಿದ್ದಿದೆ. ‘ಮೈ ಫ್ರೆಂಡ್ಸ್ ಥಿಂಕ್ ಇಟ್ಸ್ ಮಸ್ಟರ್ಡ್ ಆ್ಯಂಡ್ ಕೆಚಪ್, ಅಪ್ಪಾ,’ ಎಂದು ಮಗಳು ಗೋಳಾಡಿದರೂ ಅವರದು ಒಂದೇ ಉತ್ತರ, ‘ಇರಲಿ ಬಿಡು.’

ಸಂಗೀತದ ದಿನ ಶನಿವಾರ. ಮಧ್ಯಾಹ್ನ ಡೇಲ್ ಅವರ ಅಂಗಿಯನ್ನು ಎಲ್ಲಿ ಸುಟ್ಟೀತೋ ಎಂದು ಬಟ್ಟೆ ಮುಚ್ಚಿ ಇಸ್ತ್ರಿ ಮಾಡಿ, ಮಡಿಸಿ, ಹೊಸ ಜೀನ್ಸು ಬೆಲ್ಟಿನ ಜೊತೆ ಊಟದ ಮೇಜಿನ ಕುರ್ಚಿಯ ಮೇಲಿಟ್ಟು ತಲೆಗೆ ನೀರು ಹಾಕಿಕೊಳ್ಳಲು ಹೋದೆ. ಕಛೇರಿಯಾದರೇನು, ಹೊರಡುವ ಮುನ್ನ ಎರೆದುಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಬಂದರೆ ಯಜಮಾನರು ಬೆರಳು ಒರೆಸಿಕೊಳ್ಳುತ್ತ ದೇವರ ಕೋಣೆಯಿಂದ ಹೊರಬಂದರು.

‘ಎಲ್ಲಾದಕ್ಕೂ ಹಚ್ಚಿಟ್ಟಿದೀನಿ,’ ಎಂದರು, ಸಾರ್ಥಕತೆಯ ಮುಖದಲ್ಲಿ.

ಎಲ್ಲಾದಕ್ಕೂ ಎಂದರೆ ಎಲ್ಲಾದಕ್ಕೂ. ಜೀನ್ಸಿನ ಸೊಂಟಕ್ಕೆ, ಬೆಲ್ಟಿನ ತುದಿಗೆ, ಆ ತಿಳಿ ನೀಲಿ ಅಂಗಿಯ ಕಾಲರಿಗೆ. ಇಸ್ತ್ರಿಯ ಗರಿ ಕಂಡು ಅದನ್ನೂ ಹೊಸದೆಂದುಕೊಂಡಿದ್ದರು.

‘ರೀ, ಅದು ಡೇಲ್ ಅವರದ್ದು ಕಣ್ರೀ.’

ಅವರ ಮುಖದ ಬಣ್ಣ ಇಳಿದದ್ದನ್ನು ನೋಡುತ್ತ ನಿಲ್ಲುವ ಪುರುಸೊತ್ತು ನನಗಿರಲಿಲ್ಲ. ಅಂಗಿ ಕಿತ್ತುಕೊಂಡು ಸಿಂಕಿಗೆ ಓಡಿ, ಕೈಗೆ ಸಿಕ್ಕ ಸೋಪು ಉಜ್ಜಿದೆ. ಹುಟ್ಟಿದಾಗಿನಿಂದ ಅರಿಶಿನದ ಜೊತೆ ಬಾಳಿದವಳು, ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿಯ ನೀರು ಕೆಂಪಾಗುವುದನ್ನು ಸಾವಿರ ಸಲ ಕಂಡವಳು, ಸೋಪಿಗೂ ಅದೇ ಗುಣವಿದೆಯೆಂಬುದನ್ನು ಆ ಗಾಬರಿಯಲ್ಲಿ ಮರೆತೆ. ಕಡಲೆಕಾಳಿನಷ್ಟಿದ್ದ ಹಳದಿ ನೋಡನೋಡುತ್ತಿದ್ದಂತೆ ರಕ್ತಗೆಂಪಾಗಿ ಅಂಗೈಯಗಲ ಹರಡಿತು. ಹೊರಡುವುದಕ್ಕೆ ಎರಡೂವರೆ ಗಂಟೆ ಉಳಿದಿತ್ತು. ಗಂಡ ಸತ್ತ ಹೆಂಗಸು ಜತನದಿಂದ ಕಾದಿಟ್ಟ ಒಂದೇ ಒಂದು ಅಂಗಿ ನನ್ನ ಸಿಂಕಿನಲ್ಲಿ ಓಕುಳಿಯಾಡುತ್ತಿತ್ತು. ನನಗೆ ಅಳು ಬಂತು, ನಿಂತಲ್ಲೇ ಅತ್ತುಬಿಟ್ಟೆ.

ಅರಿಶಿನಕ್ಕೆ ಮದ್ದು ಬಿಸಿಲೊಂದೇ. ಚೆನ್ನಾಗಿ ಜಾಲಾಡಿಸಿ, ಹಿಂಡದೆ, ಹಿತ್ತಲಿನ ಮರದ ಜಗಲಿಯ, ಅಂದರೆ ಡೆಕ್ಕಿನ, ಕಟಕಟೆಯ ಮೇಲೆ ಹರವಿದೆ. ನಮ್ಮ ಸಬ್‌ಡಿವಿಷನ್ನಿನ ಕಾನೂನಿನ ಪ್ರಕಾರ ಹೊರಗೆ ಬಟ್ಟೆ ಒಣಗಿಸುವಂತಿಲ್ಲ. ಆ ಕ್ಷಣಕ್ಕೆ ನನ್ನನ್ನು ಜೈಲಿಗೆ ಹಾಕಿದ್ದರೂ ಸಂತೋಷದಿಂದ ಹೋಗುತ್ತಿದ್ದೆ. ನನ್ನ ಆತುರಕ್ಕೆ ಮರೆತುಹೋದದ್ದು ಬೇರೆಯೇ ಇತ್ತು. ಕ್ಯಾರಲ್ ಅವರ ಅಡುಗೆಮನೆಯ ಕಿಟಕಿ ನೇರ ನಮ್ಮ ಡೆಕ್ಕಿಗೆ ಮುಖ ಮಾಡಿದೆ. ಕುಂಕುಮ ಹೋಯಿತೇ ಎಂದು ಕಾಲರಿಗೆ ಮೂಗು ತಾಗಿಸಿ ನೋಡುತ್ತಿದ್ದವಳು ತಲೆಯೆತ್ತಿದರೆ, ಆಕೆ ಮನೆಚಪ್ಪಲಿಯಲ್ಲೇ ಹುಲ್ಲು ದಾಟಿ ಬರುತ್ತಿದ್ದರು.

ಬಂದು ಅಂಗಿಯ ಮುಂದೆ ನಿಂತರು. ಮುಟ್ಟಲಿಲ್ಲ. ಅಷ್ಟರಲ್ಲಿ ಯಜಮಾನರು ಹೊರಗೆ ಬಂದರು.

‘ನಾನು ಮಾಡಿದ್ದು ಕ್ಯಾರಲ್, ಸುಧಾದು ತಪ್ಪಿಲ್ಲ,’ ಎಂದು ಶುರುಮಾಡಿ, ತಮ್ಮ ತಾಯಿಯ ಭರಣಿಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ‘ಹೊಸ ಬಟ್ಟೆಗೆ ಹಚ್ತೀವಿ. ಹಾಕ್ಕೊಂಡವರು ಅದು ಹಳೇದಾಗೋವರೆಗೂ ಚೆನ್ನಾಗಿರ್ಲಿ ಅಂತ. ಇದನ್ನ ಹೊಸದು ಅಂದ್ಕೊಂಡೆ. ನನ್ನನ್ನ ಕ್ಷಮಿಸಿ.’

ಕ್ಯಾರಲ್ ತಿರುಗಿ ಹುಲ್ಲು ದಾಟಿ ಹೊರಟುಹೋದರು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

ಯಜಮಾನರು ಡೆಕ್ಕಿನ ಮೆಟ್ಟಿಲ ಮೇಲೆ ಕೂತರು. ಮದುವೆಯಾದಾಗಿನಿಂದ ಬೈಗುಳಕ್ಕೆ ಬರಗಾಲ ಕಾಣದ ನನಗೆ ಅವತ್ತು ಒಂದೂ ಬೈಗುಳ ನೆನಪಾಗಲಿಲ್ಲ. ಅಮ್ಮ ಮಾಡುತ್ತಿದ್ದುದನ್ನು ಬಿಡಲಾರದೆ ಮಾಡುತ್ತ ಬಂದ ಗಂಡಸಿಗೆ ನಾನಾದರೂ ಏನೆಂದು ಬೈಯಲಿ? ಅವರ ಪಕ್ಕ ಹೋಗಿ ಕೂತೆ. ಆಕೆ ಇನ್ನು ಹೊರಡುವುದಿಲ್ಲ, ಇವತ್ತಿಗೂ ಇಲ್ಲ, ಮುಂದಕ್ಕೂ ಇಲ್ಲ, ಒಂದು ಚಿಟಿಕೆ ಕುಂಕುಮದಿಂದ ಎಲ್ಲ ಮುಗಿಯಿತು ಎಂದುಕೊಂಡು ಇಬ್ಬರೂ ಅಂಗಿಯನ್ನೇ ನೋಡುತ್ತ ಕೂತಿದ್ದೆವು. ಅನಘಾ ಬಂದು ಅವರಪ್ಪನ ಭುಜದ ಮೇಲೆ ಗದ್ದವಿಟ್ಟು ‘ಇಟ್ಸ್ ಓಕೆ, ಅಪ್ಪಾ’ ಎಂದಳು.

ಸ್ವಲ್ಪ ಹೊತ್ತಿಗೆ ಆ ಬಾಗಿಲು ಮತ್ತೆ ತೆರೆಯಿತು. ಕ್ಯಾರಲ್ ಕೈಯಲ್ಲಿ ಇನ್ನೊಂದು ಅಂಗಿಯಿತ್ತು. ಅಚ್ಚ ಬಿಳಿ, ಎದೆಯ ಮೇಲೆ ಸಣ್ಣ ಕಸೂತಿ ಹೂವು, ತೋಳಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

‘ಇವತ್ತಿಗೆ ಅಂತ ತಗೊಂಡೆ,’ ಎಂದರು. ‘ಬೆಳಗ್ಗೆಯಿಂದ ಹ್ಯಾಂಗರಿಂದ ತೆಗೆಯೋಕೆ ಆಗಿಲ್ಲ. ನನ್ನ ಕಪಾಟಲ್ಲಿರೋದು ಎಲ್ಲಾನೂ ಅವನು ನೋಡಿದ್ದು. ಇದೊಂದೇ ಅವನು ನೋಡ್ದೇ ಇರೋದು.’ ಆಮೇಲೆ ಯಜಮಾನರ ಕಡೆ ಅಂಗಿ ಚಾಚಿದರು. ‘ಹೊಸದು ಹಳೇದಾಗೋವರೆಗೂ ಅಂದ್ಯಲ್ಲ. ಇದಕ್ಕೂ ಹಚ್ಚಿಕೊಡು.’

ಯಜಮಾನರು ಒಂದು ಕ್ಷಣ ಕೈ ಚಾಚಲಿಲ್ಲ. ಕ್ಯಾರಲ್ ಅವರಿಗೆ ಅದರ ಕಾರಣ ತಿಳಿದಿರಲಾರದು, ನನಗೆ ತಿಳಿಯಿತು. ಮಾವ ತೀರಿಕೊಂಡ ಮೇಲೆ ನಮ್ಮ ಅತ್ತೆ ಕುಂಕುಮ ಇಟ್ಟುಕೊಳ್ಳಲಿಲ್ಲ. ಮಗನಿಗೆ, ಸೊಸೆಗೆ, ಮೊಮ್ಮಗಳಿಗೆ ಬಟ್ಟೆ ಬಂದರೆ ಭರಣಿ ತೆರೆಯುತ್ತಿದ್ದ ಜೀವ, ತಮಗೆಂದು ತಂದ ಸೀರೆಯನ್ನು ಮಾತ್ರ ಹಾಗೆಯೇ ಬಿಚ್ಚಿ ಉಟ್ಟುಬಿಡುತ್ತಿತ್ತು. ಹಚ್ಚಲು ಹೋದರೆ ‘ನನಗ್ಯಾಕೆ ಅವೆಲ್ಲ’ ಎಂದಿದ್ದರು ಒಮ್ಮೆ. ನಾವು ಅಷ್ಟಕ್ಕೇ ಸುಮ್ಮನಾಗಿದ್ದೆವು. ನಾನು ಈಗ ಉಡುವ ಅವರ ಕೊನೆಗಾಲದ ಸೀರೆಗಳ ಮೂಲೆಯಲ್ಲಿ ಯಾವ ಕಲೆಯೂ ಇಲ್ಲ. ಮನೆಮಂದಿಯೆಲ್ಲ ಹಾಕಿಕೊಂಡು ಹಳೆಯದು ಮಾಡಲೆಂದು ಹರಸಿದವರಿಗೆ ಆ ಹರಕೆಯನ್ನು ತಿರುಗಿ ಹೇಳಿದವರು ಯಾರೂ ಇರಲಿಲ್ಲ.

ಯಜಮಾನರು ಒಳಗೆ ಹೋಗಿ ಭರಣಿಯನ್ನೇ ತಂದರು. ಅರಿಶಿನ ಕಲಸಿ, ಕಾಲರಿನ ಒಳಮಗ್ಗುಲಿಗೆ ಒಂದು ಬೊಟ್ಟು, ಅದರ ಮೇಲೆ ಕುಂಕುಮದ ಚುಕ್ಕೆ. ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಕ್ಯಾರಲ್ ಕೈಗೆ ಕೊಡುತ್ತ, ಆಕೆಗೆ ಅರ್ಥವಾಗದ ಕನ್ನಡದಲ್ಲಿ ಹೇಳಿದರು. ‘ಹಾಕ್ಕೊಂಡು ಹಳೇದು ಮಾಡಿ.’

‘ಏನಂದ?’ ಎಂದು ಕ್ಯಾರಲ್ ಅನಘಾಳನ್ನು ಕೇಳಿದರು.

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆಂದು ನಾನು ದೂರುತ್ತಿದ್ದ ಹುಡುಗಿ ಒಂದಿಷ್ಟೂ ತಡವರಿಸಲಿಲ್ಲ. ‘ವೇರ್ ಇಟ್ ಟಿಲ್ ಇಟ್ಸ್ ಓಲ್ಡ್, ಕ್ಯಾರಲ್ ಆಂಟಿ.’

‘ಅಂಗಿ ಹಳೇದಾಗೋ ಹೊತ್ತಿಗೆ ನನಗೆ ತೊಂಬತ್ತಾಗಿರುತ್ತೆ,’ ಎಂದು ಹೇಳಿ ಆಕೆ ಚೀಟಿಯನ್ನು ಹಲ್ಲಿನಿಂದಲೇ ಕಚ್ಚಿ ತುಂಡರಿಸಿದರು.

ಹೊರಡುವ ಹೊತ್ತಿಗೆ ಬಿಸಿಲು ತನ್ನ ಕೈಲಾದದ್ದನ್ನು ಮಾಡಿತ್ತು. ಆದರೂ ಡೇಲ್ ಅವರ ಕಾಲರಿನ ಮೇಲೆ ಮಾಸಲು ಗುಲಾಬಿಯ ಗುರುತೊಂದು ಉಳಿದೇ ಇತ್ತು. ಕ್ಯಾರಲ್ ಡ್ರೈವ್ ಮಾಡುತ್ತ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಕೊನೆಗೆ ಹೇಳಿಯೇಬಿಟ್ಟರು. ‘ಅಷ್ಟು ವರ್ಷ ಸಂಸಾರ ಮಾಡಿದೆ, ಒಂದು ದಿನಾನೂ ಅವನ ಕಾಲರ್ ಮೇಲೆ ಕೆಂಪು ಕಲೆ ಕಂಡಿರ್ಲಿಲ್ಲ. ಈಗ ನಿಮ್ಮನೇಲಿ ಎರಡು ದಿನ ಇದ್ದು ಮೆತ್ತಿಸ್ಕೊಂಡು ಬಂದಿದಾನೆ ನೋಡು.’ ಹೇಳಿ ಬಸ್ಸಿನ ಚಾಲಕಿಯ ದೊಡ್ಡ ದನಿಯಲ್ಲಿ ನಕ್ಕರು, ನಾನೂ ನಕ್ಕೆ. ನಗು ಮುಗಿಯುವಷ್ಟರಲ್ಲಿ ನಮ್ಮ ಎಕ್ಸಿಟ್ ದಾಟಿಹೋಗಿತ್ತು, ಹಿಂದಕ್ಕೆ ಬಳಸಿಕೊಂಡು ಬರಬೇಕಾಯಿತು.

ಅಲ್ಲಿ ಜನ ಏನೇನು ಹಾಕಿಕೊಂಡಿದ್ದರು ಗೊತ್ತೇ? ನಾನು ವಾಪಸು ಕೊಟ್ಟಂಥದೇ ಜಾಲರಿ ಅಂಗಿಗಳಲ್ಲಿ ಹುಡುಗಿಯರ ಒಂದು ಹಿಂಡು. ತುಂಡುಚಡ್ಡಿಯ ಕೆಳಗೆ ಮೊಣಕಾಲುದ್ದದ ಬೂಟು ತೊಟ್ಟ ತಾಯಂದಿರು. ಯಾವುದೋ ಮದುವೆಯಿಂದ ನೇರ ಬಂದು ಟೈ ಸಡಿಲಿಸಿಕೊಂಡವರು. ಹೂವಿನ ನೈಟಿ ಎಂದೇ ನಾನು ಪ್ರಮಾಣ ಮಾಡಿ ಹೇಳಬಲ್ಲ ಗೌನಿನಲ್ಲಿ ಮಡಿಚುವ ಕುರ್ಚಿ ಹೊತ್ತು ಬಂದ ಒಬ್ಬ ಅಜ್ಜಿ. ಕುಂಕುಮದ ಕಲೆಯ ಕಾಲರಿನ ಒಬ್ಬ ತುಮಕೂರಿನ ಹೆಂಗಸನ್ನು ಯಾರೂ ತಿರುಗಿ ನೋಡಲಿಲ್ಲ. ಒಂದು ವಾರ ನಾನು ನಿದ್ದೆಗೆಟ್ಟು ಹೆದರಿದ ಆ ನೂರಾರು ಪರರು ಬಿಯರಿನ ಸಾಲಿನಲ್ಲಿ ನಿಂತಿದ್ದರು. ‘ನೋಟ ಪರರಿಚ್ಛೆ’ ಎಂದು ಅಮ್ಮ ಹೇಳುತ್ತಿದ್ದಾಗ ಪರರು ಎಂದರೆ ಊರೆಲ್ಲ ಎಂದೇ ನಾನು ತಿಳಿದಿದ್ದೆ. ಅಮ್ಮ ಎತ್ತಿಟ್ಟ ಸೀರೆ ಉಟ್ಟು ಹೊರಬಂದವರು ಮೊದಲು ನೋಡುತ್ತಿದ್ದುದು ಜಗಲಿಯಲ್ಲಿ ಪತ್ರಿಕೆ ಓದುತ್ತ ಕೂತ ಅಪ್ಪನ ಕಡೆಗೆ. ಅವರು ತಲೆಯಾಡಿಸಿದರೆ ಸಾಕಿತ್ತು, ಆಮೇಲೆ ಊರು ಏನಾದರೂ ಅಂದುಕೊಳ್ಳಲಿ.

ಜೂನ್ ತಿಂಗಳಾದ್ದರಿಂದ ಎಂಟೂವರೆಗೂ ಬಿಸಿಲಿತ್ತು. ಹುಲ್ಲಿನ ಮೇಲೆ ಚಾದರ ಹಾಸಿ ಕೂತೆವು. ಗಾಯಕ ಹಾಡಿದ ಟ್ರಕ್ಕು, ತಾಯಿ, ನಾಯಿಗಳೆಲ್ಲ ಒಂದೊಂದಾಗಿ ಬಂದುಹೋದವು, ಕ್ಯಾರಲ್ ಕಾಲಲ್ಲಿ ತಾಳ ಹಾಕುತ್ತ ಒಂದೆರಡು ಸಾಲು ಗುನುಗಿದರು. ನಾಲ್ಕನೆಯದೋ ಐದನೆಯದೋ ಹಾಡಿನ ಮೊದಲ ಗಿಟಾರು ಕೇಳಿದ್ದೇ ಸುತ್ತಲಿದ್ದ ಜನರೆಲ್ಲ ಹೋ ಎಂದು ಎದ್ದು ನಿಂತರು, ಜೋಡಿಗಳು ಒಬ್ಬರಿಗೊಬ್ಬರು ಒರಗಿಕೊಂಡವು. ನಾವೂ ಎದ್ದೆವು. ಕ್ಯಾರಲ್ ಗುನುಗುವುದು ನಿಂತುಹೋಗಿತ್ತು. ಡೇಲ್ ನನಗಿಂತ ಒಂದು ಗೇಣಿಗೂ ಹೆಚ್ಚು ಎತ್ತರದ ಆಳಾದ್ದರಿಂದ ಆ ಅಂಗಿಯ ತೋಳು ನನ್ನ ಬೆರಳುಗಳನ್ನೂ ದಾಟಿ ಕೆಳಗೆ ಇಳಿಬಿದ್ದಿತ್ತು. ಆ ಖಾಲಿ ತುದಿಯನ್ನು ಯಾರೋ ಹಿಡಿದುಕೊಂಡಂತಾಯಿತು. ನನ್ನ ಕೈಗೆ ಆಕೆಯ ಕೈ ತಾಗಲಿಲ್ಲ. ಬಟ್ಟೆಯನ್ನಷ್ಟೇ, ಮುಷ್ಟಿಯೊಳಗೆ, ಬಿಗಿಯಾಗಿ ಹಿಡಿದಿದ್ದರು. ಹಾಡು ಮುಗಿಯುವವರೆಗೂ ನಾನು ತೋಳು ಅಲ್ಲಾಡಿಸದೆ ನಿಂತಿದ್ದೆ.